ವಿಶೇಷ ಸೂಚನೆ: ಏನೂ ಇಲ್ಲ

"ಏನ್ರೀ ಮಾಡ್ತಿದೀರಾ ಇಲ್ಲಿ? ಅವರಿನ್ನೂ ಉಸಿರಾಡ್ತಿದಾರೆ, ಕಾಣಿಸ್ತಿಲ್ವಾ?!"

ನಾಲ್ಕನೇ ಕೋಣೆಯ ಬಾಗಿಲಲ್ಲಿ ನಿಂತು ಸಿಸ್ಟರ್ ಕೂಗಿದ ಕೂಗಿಗೆ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವಳ ಕೈ ಕೂಡ ನಿಂತುಹೋಯಿತು.

ಮಂಚದ ಪಕ್ಕ ಕುಳಿತಿದ್ದವನು ಗಡಬಡಿಸಿ ಎದ್ದ. ಕೈಯಲ್ಲಿ ಪುಟ್ಟ ನೋಟ್‌ಬುಕ್, ಪೆನ್ಸಿಲ್. ಹೆಗಲ ಚೀಲದ ಮೇಲೆ ಅಂತ್ಯಕ್ರಿಯೆ ನಡೆಸಿಕೊಡುವ ಕಂಪನಿಯ ಹೆಸರು! ಅದನ್ನು ನೋಡಿದ್ದೇ ತಡ, ಸಿಸ್ಟರ್‌ಗೆ ಮೈಯೆಲ್ಲ ಉರಿದುಹೋಯಿತು.

ಅದು ಹಾಸ್ಪಿಸ್. ಯಾವ ಔಷಧಿಯಿಂದಲೂ ಇನ್ನು ಗುಣವಾಗದವರು ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯಲಿ ಎಂದು ಇರುವ ಜಾಗ. ಅಲ್ಲಿಗೆ ಹೆಣ ಸಿಂಗರಿಸುವವನು ಮುಂಚಿತವಾಗಿಯೇ ಬಂದು ಕುಳಿತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಅಳತೆ ತಗೊಳ್ಳೋಕೆ ಬಂದ್ರಾ? ಹದ್ದು ಕೂಡ ಇಷ್ಟು ಅವಸರ ಮಾಡಲ್ಲ!"

"ಸಿಸ್ಟರ್, ನಾನು..." ಎನ್ನುತ್ತಾ ಅವನು ತಲೆಯೆತ್ತಿದ. ಅವಳ ಮುಖ ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ ಮಗಳೇ, ಅವನ್ನ ಬೈಬೇಡ," ಎಂದರು ಮಂಚದ ಮೇಲಿದ್ದ ಕಂಡಕ್ಟರ್ ತಾತ. "ನಾನೇ ಫೋನ್ ಮಾಡಿ ಕರೆಸಿದ್ದು. ಮೂವತ್ತೈದು ವರ್ಷ ಬಸ್ಸಲ್ಲಿ ಜನರನ್ನ ಅವರವರ ಸ್ಟಾಪಲ್ಲಿ ಇಳಿಸಿದೀನಿ. ನನ್ನ ಇಳಿಸೋನು ಎಂಥವನು ಅಂತ ನಾನು ನೋಡ್ಕೋಬಾರ್ದಾ?"

ಅದು ಅವಳ ಕಿವಿಗೇ ಬೀಳಲಿಲ್ಲ. ನೋಟ್‌ಬುಕ್ ಕಿತ್ತು ಕಾರಿಡಾರಿಗೆ ಎಸೆದಳು. ಅವನು ಹೋಗಿ ಎತ್ತಿಕೊಂಡ.

ಮಾರನೇ ದಿನ ದೊಡ್ಡ ಡಾಕ್ಟರಮ್ಮ ಅವಳನ್ನು ಕರೆಸಿದರು.

"ಅಂತ್ಯಕ್ರಿಯೆ ಕೆಲಸದವರು ಎಂಟು ಜನ ಬರ್ತಿದಾರೆ. ಮೂರು ವಾರದ ತರಬೇತಿ. ಪಾಠ ಹೇಳೋಳು ನೀನು."

"ನಾನಾ? ಆ ಜನಕ್ಕಾ?!"

"ಸಾವಿಗೆ ಮುಂಚೆ ನೋಡ್ಕೊಳ್ಳೋರು ನಾವು, ಆಮೇಲೆ ನೋಡ್ಕೊಳ್ಳೋರು ಅವರು. ಒಬ್ಬರ ಮುಖ ಒಬ್ಬರು ನೋಡಲ್ಲ ಅಂದ್ರೆ ಹೇಗಮ್ಮ? ಕೊನೇಲಿ ನೀನು ಯಾರಿಗೆ ಸಹಿ ಹಾಕ್ತೀಯೋ ಅವರು ಮಾತ್ರ ನಮ್ಮ ಜೊತೆ ಕೆಲಸ ಮಾಡ್ತಾರೆ."

ಅವಳು ಹಲ್ಲು ಕಚ್ಚಿ ಒಪ್ಪಿಕೊಂಡಳು. ಆ ಜನರೆಂದರೆ ಅವಳಿಗೇಕೆ ಅಷ್ಟು ದ್ವೇಷ ಎಂಬುದು ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳ ಅಪ್ಪ ಇದೇ ಹಾಸ್ಪಿಸ್‌ನಲ್ಲಿ ತೀರಿಕೊಂಡಿದ್ದರು. ಅವಳಿಗೆ ಬುದ್ಧಿ ಬಂದಾಗಿನಿಂದ ಕೂದಲನ್ನು ಹಿಂದಕ್ಕೇ ಬಾಚಿಕೊಳ್ಳುತ್ತಿದ್ದ ಮನುಷ್ಯ. ಕೊನೆಯ ದರ್ಶನಕ್ಕೆ ಹೋದರೆ, ಅಂತ್ಯಕ್ರಿಯೆಯವರು ಎಡಗಡೆ ಬೈತಲೆ ತೆಗೆದು ಯಾರನ್ನೋ ಮಲಗಿಸಿದ್ದರು! "ಇದು ನಮ್ಮಪ್ಪ ಅಲ್ಲ" ಎಂದವಳೇ ಅವಳು ಹೊರಗೆ ಓಡಿದ್ದಳು. ಅಪ್ಪನ ಹಣೆ ಕೂಡ ಮುಟ್ಟಿರಲಿಲ್ಲ.

*ಕೊನೇ ಸಲ ಮುಟ್ಟಲಿಲ್ಲವಲ್ಲ ಅಪ್ಪಾ...* ಆ ಕೊರಗು ಅವಳನ್ನು ಇಂದಿಗೂ ಬಿಟ್ಟಿಲ್ಲ.

ತರಬೇತಿ ಶುರುವಾಯಿತು. ಬಂದ ಎಂಟು ಜನರಲ್ಲಿ ನಾಲ್ಕನೇ ಕೋಣೆಯಲ್ಲಿ ಬೈಸಿಕೊಂಡವನೂ ಇದ್ದ. ಅವಳ ಪಾಠವೋ, ಪೊಲೀಸ್ ವಿಚಾರಣೆಯೋ ಎಂಬಂತಿತ್ತು!

"ವಿಸಿಟಿಂಗ್ ಕಾರ್ಡ್ ಒಳಗೆ ತರಕೂಡ್ದು. ಮಂಚದ ಹತ್ರ ನಿಂತ್ಕೊಂಡು ಮಾತಾಡಕೂಡ್ದು, ಕೂತ್ಕೊಳ್ಳಿ. ಎಷ್ಟು ದಿನ ಉಳೀತಾರೆ ಅಂತ ಯಾರಾದ್ರೂ ಕೇಳಿದ್ರೋ, ಅಂದೇ ಗೇಟ್ ಪಾಸ್!"

ಅವಳ ಕಣ್ಣು ಮಾತ್ರ ಅವನ ತಪ್ಪನ್ನೇ ಹುಡುಕುತ್ತಿತ್ತು. ಹಾಳಾದ್ದು, ಒಂದೂ ಸಿಗುತ್ತಿರಲಿಲ್ಲ! ಅವನು ಕೈ ಬೆಚ್ಚಗೆ ಮಾಡಿಕೊಂಡೇ ರೋಗಿಗಳ ಕೈ ಹಿಡಿಯುತ್ತಿದ್ದ. ಮನೆಯವರು ಅತ್ತರೆ ಉಪದೇಶ ಮಾಡದೆ ಸುಮ್ಮನೆ ಕೂರುತ್ತಿದ್ದ. ಸಂಜೆ ಕಂಡಕ್ಟರ್ ತಾತನಿಗೆ ಚಹಾ ಕುಡಿಸುತ್ತಿದ್ದವನೂ ಅವನೇ.

"ಸಿಸ್ಟರಮ್ಮ, ನಿಮ್ಮಿಬ್ಬರಿಗೂ ಒಂದೇ ಸೀಟಲ್ಲಿ ಟಿಕೆಟ್ ಹರೀಲಾ?" ಎಂದು ತಾತ ಒಂದು ದಿನ ಕಣ್ಣು ಮಿಟುಕಿಸಿದರು.

"ತಾತ! ಸುಮ್ನಿರಿ!" ಎಂದವಳ ಕೆನ್ನೆ ಕೆಂಪಾಯಿತು. ಅವನು ನಕ್ಕ. ನಕ್ಕವನು ತಟ್ಟನೆ ಗಂಭೀರನಾಗಿ ಮುಖ ತಿರುಗಿಸಿದ.

*ನನ್ನ ನೋಡಿದ್ರೆ ಯಾಕೆ ಇವನಿಗೆ ಹೀಗಾಗುತ್ತೆ?* ಅವಳ ಎದೆಯಲ್ಲಿ ಏನೋ ಚುಚ್ಚಿತು. ಇಷ್ಟವಾಗಿಬಿಟ್ಟಿದ್ದಾನೆ ಎಂದು ಒಪ್ಪಿಕೊಳ್ಳಲು ಅವಳ ಹಟ ಬಿಡಬೇಕಲ್ಲ!

ಕೊನೆಯ ತರಗತಿಯ ದಿನ ಅವಳು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಕೆಲಸದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?"

ಅವನ ಸರದಿ ಬಂತು. ಅವನು ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತ.

"ಎರಡು ವರ್ಷದ ಹಿಂದೆ ಒಬ್ಬ ಹಿರಿಯರನ್ನ ತಂದ್ರು. ಜೊತೇಲಿ ಬಂದಿದ್ದು ಅವರ ಹಳೇ ಗುರುತಿನ ಚೀಟಿ. ಅದರಲ್ಲಿದ್ದ ಹರೆಯದ ಫೋಟೊದಲ್ಲಿ ಎಡಗಡೆ ಬೈತಲೆ ಇತ್ತು. ನಾನು ಹಾಗೇ ಬಾಚಿದೆ. ಅವರ ಮಗಳು ಬಂದು ನೋಡಿ, ಇದು ನಮ್ಮಪ್ಪ ಅಲ್ಲ ಅಂತ ಅಳ್ತಾ ಓಡಿಹೋದ್ರು..."

ಅವಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಅವತ್ತಿಂದ ನಾನು, ಬದುಕಿರೋವಾಗ್ಲೇ ಒಂದ್ಸಲ ನೋಡೋಕೆ ಬಿಡಿ ಅಂತ ಎಲ್ಲ ಹಾಸ್ಪಿಸ್ ಬಾಗಿಲು ತಟ್ಟಿದೀನಿ ಸಿಸ್ಟರ್."

ಎಲ್ಲರೂ ಹೊರಟ ಮೇಲೆ ಅವಳು ಸಿಡಿದಳು.

"ನಾನು ಯಾರು ಅಂತ ಮೊದಲ ದಿನಾನೇ ಗೊತ್ತಿತ್ತು ಅಲ್ವಾ? ಮೂರು ವಾರ ನನ್ನ ಎದುರಿಗೆ ನಗ್ತಾ ಓಡಾಡಿದ್ರಲ್ಲಾ!"

"ಹೇಳಿದ್ರೆ ಅವತ್ತೇ ಹೊರಗೆ ಹಾಕ್ತಿದ್ರಿ. ಕೊನೇಲಿ ನಾನೇ ಇಳಿಸ್ತೀನಿ ಅಂತ ತಾತನಿಗೆ ಮಾತು ಕೊಟ್ಟಿದ್ದೆ. ಆದ್ರೂ ಹೇಳ್ಬೇಕಿತ್ತು... ತಪ್ಪಾಯ್ತು."

"ಸಹಿ ಹಾಕಲ್ಲ. ತಾತನ ಹತ್ರಾನೂ ಇನ್ನು ಬರ್ಬೇಡಿ. ಹೋಗಿ!"

ಅವನು ಚೀಲ ಎತ್ತಿಕೊಂಡು ಹೋದ. ಒಂದು ಮಾತೂ ವಾದಿಸಲಿಲ್ಲ. ವಾದಿಸಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ತಾತನ ಉಸಿರು ಏರುಪೇರಾಯಿತು. ಅವರ ಮಗಳು ಪಕ್ಕದಲ್ಲಿ ಕುಳಿತಿದ್ದಳು.

"ಆ ಹುಡುಗ... ಎಲ್ಲಿ?" ಎಂದರು ತಾತ. ಸಿಸ್ಟರ್ ಹೊರಗೆ ತನ್ನ ಮೇಜಿಗೆ ಬಂದಳು.

ದೇಹವನ್ನು ಅಂತ್ಯಕ್ರಿಯೆಯವರಿಗೆ ಒಪ್ಪಿಸಲು ಇಂಥ ಹೊತ್ತಿಗೆ ತುಂಬಿಡಬೇಕಾದ ಹಸ್ತಾಂತರದ ಫಾರಂ ಒಂದಿದೆ. ಹೆಸರು, ವಯಸ್ಸು, ತೂಕ ಬರೆದಳು. ಕೊನೆಯಲ್ಲಿ 'ವಿಶೇಷ ಸೂಚನೆ'. ಅಭ್ಯಾಸಬಲದಿಂದ ಅವಳ ಕೈ ಎಂದಿನಂತೆ ಬರೆಯಿತು: ಏನೂ ಇಲ್ಲ.

ಪೆನ್ನು ಅಲ್ಲೇ ನಿಂತಿತು.

*ಅಪ್ಪನ ಫಾರಂ ತುಂಬಿದ್ದೂ ನಾನೇ ಅಲ್ವಾ?*

ಬೀರು ತೆಗೆದು ಹಳೆಯ ಕಡತಗಳನ್ನು ಜಾಲಾಡಿದಳು. ಸಿಕ್ಕಿತು. ಅಪ್ಪನ ಹೆಸರು, ವಯಸ್ಸು, ತೂಕ. ವಿಶೇಷ ಸೂಚನೆ: ಏನೂ ಇಲ್ಲ. ಅವಳದೇ ದುಂಡನೆಯ ಅಕ್ಷರ!

ಅವಳು ನೆಲದ ಮೇಲೆ ಕುಸಿದು ಕುಳಿತು ಬಿಕ್ಕಿದಳು. ಎರಡು ವರ್ಷ ಅವನನ್ನು ಬೈದದ್ದು, ತನ್ನನ್ನೇ ಬೈದುಕೊಳ್ಳಲು ಧೈರ್ಯವಿಲ್ಲದೆ! ಕಣ್ಣೊರೆಸಿಕೊಂಡು ಫೋನ್ ಎತ್ತಿದಳು.

"ಬನ್ನಿ... ತಾತ ನಿಮ್ಮನ್ನೇ ಕೇಳ್ತಿದಾರೆ. ಬೇಗ ಬನ್ನಿ!"

ಅವನು ಓಡುತ್ತಲೇ ಬಂದ. ಹೊಸ್ತಿಲಲ್ಲಿ ನಿಂತು ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಒಳಗೆ ಹೋದ. ತಾತ ಕಣ್ಣು ತೆರೆದು ಅವನನ್ನು ನೋಡಿ, "ರೈಟ್..." ಎಂದು ಬೆರಳಾಡಿಸಿದರು. ಸಂಜೆಯ ಹೊತ್ತಿಗೆ ನೆಮ್ಮದಿಯಾಗಿ ಹೋದರು.

ಮರುದಿನ ಬೆಳಿಗ್ಗೆ ದರ್ಶನದ ಹಾಲ್‌ನಲ್ಲಿ ತಾತ ಮಲಗಿದ್ದರು. ತಾತ ಹೇಳಿ ಬರೆಸಿದ್ದಂತೆಯೇ ಕಂಡಕ್ಟರ್ ಟೋಪಿ ಬಲಕ್ಕೆ ವಾಲಿತ್ತು. ಎಡ ಜೇಬಿನಲ್ಲಿ ಸೀಟಿ. ಮೀಸೆಯ ತುದಿ ತುಂಟತನದಿಂದ ಮೇಲೆದ್ದಿತ್ತು.

"ನಮ್ಮಪ್ಪ! ನಮ್ಮಪ್ಪನೇ!" ಎಂದು ಮಗಳು ಅಳುತ್ತಾ ನಕ್ಕು ತಾತನ ಕೆನ್ನೆ ಸವರಿದಳು.

ಸಿಸ್ಟರ್ ಬಾಗಿಲ ಹಿಂದೆ ನಿಂತು ಕಣ್ತುಂಬ ನೋಡಿದಳು. ಆಮೇಲೆ ಅವನ ಹತ್ತಿರ ಬಂದು ಅಪ್ಪನ ಫಾರಂ ಚಾಚಿದಳು.

"ಇದನ್ನ ಬರೆದಿದ್ದು ನಾನು."

"ಗೊತ್ತು. ತರಗತೀಲಿ ನಿಮ್ಮ ದುಂಡನೆ ಅಕ್ಷರ ನೋಡಿದೀನಲ್ಲ. ಅದರ ಪ್ರತಿ ಎರಡು ವರ್ಷದಿಂದ ನನ್ನ ಹತ್ರ ಇದೆ."

"ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳ್ಲಿಲ್ಲ? ನನ್ನ ತಪ್ಪು ಅಂತ ಒಂದು ಮಾತು..."

"ಅಪ್ಪ ಹೋದ ದಿನ ಮಗಳು ಬರೆದಿದ್ದು ಅದು," ಎಂದ ಅವನು ಮೆಲ್ಲಗೆ. "ಅದನ್ನ ಯಾರಾದ್ರೂ ತಪ್ಪು ಅಂತಾರಾ? ಒಂದು ಫೋನ್ ಮಾಡಿ ಕೇಳ್ಬೇಕಿದ್ದೋನು ನಾನು."

ಅವಳಿಗೆ ತಡೆಯಲಾಗಲಿಲ್ಲ. ಅವನ ಎದೆಗೊರಗಿ ಅತ್ತಳು. ಅಪ್ಪ ಹೋದ ದಿನ ಅಳದೆ ಉಳಿದದ್ದನ್ನೆಲ್ಲ ಅತ್ತಳು.

ಅಳು ನಿಂತಾಗ ಅವನು ಅದೇ ಪುಟ್ಟ ನೋಟ್‌ಬುಕ್ ತೆಗೆದ. ಮೊದಲ ಪುಟದಲ್ಲಿ ಅವಳ ಅಪ್ಪನ ಹೆಸರು. ಕೆಳಗೆ 'ಕೂದಲು' ಎಂದು ಬರೆದು ಜಾಗ ಖಾಲಿ ಬಿಟ್ಟಿತ್ತು.

ಅವಳು ಪೆನ್ಸಿಲ್ ತೆಗೆದುಕೊಂಡು ಬರೆದಳು: ಹಿಂದಕ್ಕೆ. ಆ ಅಕ್ಷರದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು.

"ಸಹಿ?" ಎಂದ ಅವನು ಅಳುಕುತ್ತಾ.

"ನಿನ್ನೇನೇ ಹಾಕಿದೀನಿ." ಅವಳು ಕೈಯೆತ್ತಿ, ಅವನ ಹಣೆಗೆ ಬಿದ್ದಿದ್ದ ಕೂದಲನ್ನು ಸರಿಮಾಡಿದಳು. "ನಿಮ್ಮದು ಬಲಗಡೆ ಬೈತಲೆ, ಅಲ್ವಾ?"

"ಹೂಂ. ಬರ್ಕೊಳ್ತೀರಾ?"

"ಬರ್ಕೊಳ್ಳೋದ್ಯಾಕೆ?" ಅವಳ ದನಿ ಇನ್ನೂ ಒದ್ದೆಯಾಗಿತ್ತು. "ಇನ್ಮೇಲೆ ದಿನಾ ನೋಡ್ತಾನೇ ಇರ್ತೀನಲ್ಲ."