ತೂಕಕ್ಕೆ ತೂಕ

ಮಂಗಳವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ಗಡಿಯಾರ ರಿಪೇರಿ ಅಂಗಡಿಯ ಯಜಮಾನರು ಬಂದು ಕೂತಿದ್ದರು. ಅವರ ಮನೆಯ ಬೀರುವಿನಲ್ಲಿದ್ದ ಹನ್ನೆರಡು ಬೆಳ್ಳಿಯ ಸ್ಮಾರಕ ನಾಣ್ಯಗಳು ಕಾಣೆಯಾಗಿದ್ದವು. ಟಂಕಸಾಲೆಯ ಪೊಟ್ಟಣ ಬಿಚ್ಚಿರಲಿಲ್ಲ, ಒಂದು ದಿನವೂ ಚಲಾವಣೆಗೆ ಬಂದಿರಲಿಲ್ಲ.

“ಬೆಲೆ ಏನಂತ ಬರೀಲಿ? ಬೆಳ್ಳಿ ರೇಟಾ?” ರೈಟರ್ ಕೇಳಿದ.

“ಅಯ್ಯೋ, ಬೆಳ್ಳಿ ರೇಟು ಬರೆದು ನನ್ನ ಹೊಟ್ಟೆ ಮೇಲೆ ಹೊಡೀಬೇಡಿ! ಅದರ ಹತ್ತು ಪಟ್ಟು. ಬಾಡಿಗೆ ಅಂಗಡಿ ಬಿಟ್ಟು ಸ್ವಂತದ್ದಕ್ಕೆ ಮುಂಗಡ ಕೊಡೋಕೆ ಅಂತ ಇಟ್ಟಿದ್ದೆ.”

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರು, ಠಾಣೆಯಲ್ಲೆಲ್ಲ ‘ಮೀಸೆ’ ಎಂದೇ ಹೆಸರಾದ ಕಾನ್‌ಸ್ಟೆಬಲ್ ಜೊತೆ ಮನೆಗೆ ಹೋದರು. ಬೀಗ ಒಡೆದಿರಲಿಲ್ಲ. ಪಕ್ಕದಲ್ಲೇ ಇದ್ದ ಚಿನ್ನದ ಸರ ಹಾಗೇ ಇತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾಣ್ಯ ಮಾತ್ರ ಹೋಗಿತ್ತು.

“ಬೀಗದಕೈ ಎಲ್ಲಿಡ್ತೀರಿ?”

“ನಿಂತುಹೋದ ಆ ಗೋಡೆ ಗಡಿಯಾರದೊಳಗೆ. ಅಪ್ಪನ ಕಾಲದಿಂದ ಅಲ್ಲೇ.”

“ಗಡಿಯಾರ ರಿಪೇರಿಯವರ ಮನೇಲೇ ಗಡಿಯಾರ ನಿಂತಿದೆ ನೋಡಿ ಸಾರ್,” ಎಂದ ಮೀಸೆ. ಇನ್‌ಸ್ಪೆಕ್ಟರು ನಗಲಿಲ್ಲ. ಅಪ್ಪನ ಕಾಲದ ಆ ಜಾಗ ಒಡಹುಟ್ಟಿದವರಿಗೆ ಮಾತ್ರ ಗೊತ್ತಿರಬೇಕು ಎಂದು ಅವರಿಗೆ ಆಗಲೇ ಅನ್ನಿಸಿತ್ತು.

ಅಲ್ಲಿಂದ ಹಳೆ ನಾಣ್ಯಗಳ ವ್ಯಾಪಾರಿಯ ಅಂಗಡಿಗೆ ಹೋದರು.

“ಸ್ಮಾರಕ ನಾಣ್ಯ ಅಂದ ತಕ್ಷಣ ಭಾರಿ ಬೆಲೆ ಅಂತಲ್ಲ ಸಾರ್. ಎಷ್ಟೋ ನಾಣ್ಯ ಕರಗಿಸೋ ಬೆಲೆಗೇ ಹೋಗ್ತವೆ. ನೀವು ಹೇಳೋ ಇವನ್ನ ಟಂಕಸಾಲೇಲಿ ಹೊಡೆದಿದ್ದೇ ಕಮ್ಮಿ, ಅದಕ್ಕೇ ಗಿರಾಕಿ. ಆದ್ರೆ ಒಂದ್ಸಲ ತಿಕ್ಕಿದ್ರೋ, ಮುಗೀತು. ಬರೀ ಬೆಳ್ಳಿ.” ವ್ಯಾಪಾರಿ ಏನೋ ನೆನಪಾಗಿ ತಡೆದ. “ಹೋದ ವಾರ ಒಬ್ರು ಬಂದು ಇದನ್ನೇ ಕೇಳಿದ್ರು. ತಿಕ್ಕಿದ್ರೆ ಬೆಲೆ ಖಂಡಿತ ಇಳಿಯುತ್ತಾ ಅಂತ ಎರಡೆರಡು ಸಲ ಕೇಳಿದ್ರು.”

“ಹೇಗಿದ್ರು?”

“ಮುಖ ನೆನಪಿಲ್ಲ. ಬೆರಳೆಲ್ಲ ಕರ್ರಗಿತ್ತು. ಬೆಳ್ಳಿ ಪಾಲಿಶ್ ಮಾಡೋರ ಕೈ.”

ಇನ್‌ಸ್ಪೆಕ್ಟರು ದೂರುದಾರರಿಗೆ ಫೋನ್ ಮಾಡಿದರು. “ನಿಮ್ಮ ಮನೆಯವರಲ್ಲಿ ಬೆಳ್ಳಿ ಪಾಲಿಶ್ ಕೆಲಸ ಯಾರದು?”

“ನನ್ನ ತಮ್ಮಂದು.”

“ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು,” ಎಂದು ಮೀಸೆ ಜೀಪು ಹತ್ತಿದ.

ತಮ್ಮನ ಅಂಗಡಿ ಒಂದು ಗಲ್ಲಿಯ ಕೊನೆಯಲ್ಲಿತ್ತು. ಮೇಜಿನ ಬಿಳಿ ಬಟ್ಟೆಯ ಮೇಲೆ ಹನ್ನೆರಡೂ ನಾಣ್ಯ ಥಳಥಳ ಹೊಳೆಯುತ್ತಿದ್ದವು. ಅವನು ಏನನ್ನೂ ಮುಚ್ಚಿಡಲಿಲ್ಲ.

“ಬನ್ನಿ ಸಾರ್. ಈಗಷ್ಟೇ ತಿಕ್ಕಿ ಮುಗಿಸ್ದೆ.”

“ಮಾರೋಕೆ ಕದ್ದೆಯಾ?”

“ಒಂದನ್ನೂ ಮಾರಲ್ಲ. ಅಪ್ಪ ಹೋದ್ಮೇಲೆ ಅಣ್ಣನೇ ತಕ್ಕಡಿ ಹಿಡಿದು ಬೆಳ್ಳಿ ಹಂಚಿದ. ನನಗೆ ಪಾತ್ರೆ, ಅವನಿಗೆ ನಾಣ್ಯ. ಇದರ ಬೆಲೆ ಅವನಿಗೆ ಆವಾಗ್ಲೇ ಗೊತ್ತಿತ್ತು. ನನಗೆ ಗೊತ್ತಾಗಿದ್ದು ಈಗ. ಹೋಗಿ ಕೇಳಿದ್ರೆ ನನ್ನ ಹೆಂಡ್ತಿ ಎದುರಿಗೇ ನಕ್ಕುಬಿಟ್ಟ. ‘ತೂಕ ಸಮ ಇದೆಯಲ್ಲೋ, ಇನ್ನೇನು ಬೇಕು ನಿಂಗೆ?’ ಅಂದ. ಅವನಾಗೇ ಬಾಯಿಬಿಟ್ಟು ಕೇಳಿದ್ದಿದ್ರೆ ಅರ್ಧ ಅಲ್ಲ, ನನ್ನ ಪಾಲು ಪೂರ್ತಿ ಬಿಟ್ಟುಕೊಡ್ತಿದ್ದೆ ಸಾರ್. ನಕ್ಕಿದ್ದಕ್ಕೆ ಹೊಟ್ಟೆ ಉರಿದುಹೋಯ್ತು.”

ಗುರುತು ಹಿಡಿಯಲು ಅಣ್ಣನನ್ನು ಕರೆಸಿದರು. ಅವರು ಒಂದು ನಾಣ್ಯವನ್ನು ಎತ್ತಿ ಬೆಳಕಿಗೆ ಹಿಡಿದರು.

“ಇನ್ನೇನು ಉಳೀತೋ ಇದರಲ್ಲಿ?”

ಸಾಕ್ಷಿಗೆಂದು ಕರೆಸಿದ ಪಂಚರ ಎದುರು ಮೀಸೆ ಅದೇ ಅಂಗಡಿಯ ತಕ್ಕಡಿಯಲ್ಲಿ ನಾಣ್ಯಗಳನ್ನು ತೂಗಿದ. ದೂರಿನಲ್ಲಿ ಬರೆಸಿದ್ದ ತೂಕವೇ ಬಂತು. ಆರೋಪಿ ಕಪ್ಪು ಬೆರಳುಗಳನ್ನು ಬಟ್ಟೆಯಲ್ಲಿ ಒರೆಸಿಕೊಂಡು ಎದ್ದು ನಿಂತ.

“ತೂಕ ಸಮ ಇದೆ ಅಣ್ಣ. ನೋಡ್ಕೋ.”

ಈ ಸಲ ಅಣ್ಣ ನಗಲಿಲ್ಲ. ತಲೆ ತಗ್ಗಿಸಿ ಪಂಚನಾಮೆಗೆ ಸಹಿ ಹಾಕಿದರು.