ಒಬ್ಬನ ಅಳತೆಯ ಬಟ್ಟೆ

"ಬೇಡ ಮಗಳೇ, ಅದನ್ನ ಎಳೀಬೇಡ," ಎಂದ ತೊಗಟೆಬಟ್ಟೆ ಬಡಿದು ಮಾರುವ ಮುದುಕ ಲುತಾಯ. ಅಷ್ಟರಲ್ಲಿ ನಮ್ಯಾಲೊ ಅದನ್ನು ಜಗಲಿಯ ಅಟ್ಟದಿಂದ ಎಳೆದಾಗಿತ್ತು.

ತೊಗಟೆಬಟ್ಟೆ ದೊಪ್ಪನೆ ಬಿಚ್ಚಿಕೊಂಡು ನೆಲಕ್ಕಿಳಿಯಿತು. ಮುತುಬ ಮರದ ಒಳತೊಗಟೆಯನ್ನು ಸುಲಿದು, ಬೇಯಿಸಿ, ಕೊಡತಿಯಿಂದ ಬಡಿದು ಬಡಿದು ಹಿಗ್ಗಿಸಿದ ಬಟ್ಟೆ. ಕೆಮ್ಮಣ್ಣಿನ ಬಣ್ಣ. ಹೊಗೆಯ ವಾಸನೆ, ಅಗೆದ ಮಣ್ಣಿನ ವಾಸನೆ, ಅದರಡಿಯಲ್ಲಿ ಜಗಿದುಗಿದ ಹಸಿ ಕಾಫಿಬೀಜದ ಒಗರು. ಮಸಾಕ ಊರಿನ ಸುತ್ತಮುತ್ತ ಸತ್ತವರನ್ನು ಸುತ್ತುವುದು ಇದರಲ್ಲೇ. ಈಗೀಗ ಪೇಟೆಯವರು ಇದನ್ನು ಗೋಡೆಗೂ ತೂಗುಹಾಕುತ್ತಾರೆ, ದಿಂಬಿಗೂ ಹೊಲಿಸುತ್ತಾರೆ. ನಮ್ಯಾಲೊ ಪರದೆ, ಸೋಫಾದ ಗವಸು ಹೊಲಿದು ಬದುಕುವವಳು. ಚೆಲುವಾದ ಬಟ್ಟೆ ಕಂಡರೆ ಅವಳ ಬೆರಳು ಸುಮ್ಮನಿರವು.

"ಇದೇ ಬೇಕು ಅಜ್ಜ."

"ಬೇರೆ ತಗೋ. ಅದು ಒಬ್ಬನ ಅಳತೆಗೆ ಬಡಿದದ್ದು. ಮೀನು ಹಿಡಿಯೋನು. ಸರೋವರ ಅವನನ್ನ ನುಂಗ್ತು, ಹೆಣ ಕೊಡಲಿಲ್ಲ. ಅವನ ತಾಯಿ ಬಂದು ಕಾಫಿಬೀಜ ಜಗಿದು ಇದರ ಮೇಲೆ ಉಗಿದು ಮಾಟ ಕಟ್ಟಿ ಹೋದಳು. ನನ್ನ ಮಗ ಬರದಿದ್ರೆ ಇನ್ಯಾರ ಮಗುವಾದ್ರೂ ಬರಲಿ, ಬಟ್ಟೆ ಬರಿದೇ ಉಳೀಬಾರದು ಅಂತ."

ನಮ್ಯಾಲೊ ನಕ್ಕಳು. ಅಂಗಳದಲ್ಲಿ, ಮರದ ಬುಡಕ್ಕೆ ಮುದುಕನ ಮಂಚ ಹಾಕಿತ್ತು. ಅದರ ಮೇಲೆ ಸೊಳ್ಳೆಪರದೆ, ಕೊಡೆ, ನೀರಿನ ತಂಬಿಗೆ.

"ನಾಲ್ಕು ಕೋಣೆಯ ಮನೆ ಇಟ್ಕೊಂಡು ಹೊರಗೆ ಮಲಗ್ತೀರಲ್ಲಜ್ಜ, ಅದೂ ಮಾಟವೇನಾ?"

"ಒಳಗೆ ಜಾಗ ಸಾಲದು," ಎಂದ ಲುತಾಯ.

ಅವಳಿಗೆ ಇನ್ನೂ ನಗು ಬಂತು. ಮುದುಕ ನಗಲಿಲ್ಲ. "ಬೇಡ ಅಂತ ಮತ್ತೆ ಹೇಳ್ತೀನಿ. ಕತ್ತರಿಯಂತೂ ಮುಟ್ಟಿಸಲೇಬೇಡ. ತುಂಡು ಮಾಡಿದ್ರೆ ತುಂಡಿಗೊಬ್ಬರನ್ನ ಕೇಳುತ್ತೆ."

"ಸೂಜಿ ಚುಚ್ಚೋ ಪುಟ್ಟ ದಿಂಬು ಮಾಡಿದ್ರೆ ನೊಣ ಕೇಳುತ್ತೇನೋ ಬಿಡಿ!"

"ಬೇಡ. ಮೂರು ಸಲ ಅಂದೆ. ಇನ್ನು ಹೊಣೆ ನನ್ನ ಮೇಲಿಲ್ಲ."

ಹಾಗೆಂದವನ ಮುಖ ಸಡಿಲವಾಯಿತು. ಬಹಳ ದಿನದ ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟು, ಬಟ್ಟೆಯನ್ನು ತಾನೇ ಸುರುಳಿ ಸುತ್ತಿ ಅವಳ ತೋಳಿಗಿಟ್ಟ. ಅವಳು ಹಿರಿಯರಿಗೆ ಊರಬೇಕಾದ ಮಂಡಿಯನ್ನು ಅರ್ಧ ಊರಿ, ಬಾಡಿಗೆಯ ಬೈಕು ಹತ್ತಿ ಹೊರಟಳು.

ಅವಳಿಗೆ ಅವಸರವಿತ್ತು. ಆರು ವರ್ಷದ ಮಗಳು ನಸ್ಸಾಲಿ ಮುಂದಿನ ಶನಿವಾರ ಬರುವವಳಿದ್ದಳು. ಮೂರು ವರ್ಷ ಹಳ್ಳಿಯಲ್ಲಿ, ಅಜ್ಜಿಯ ಹತ್ತಿರ ಬೆಳೆದ ಕೂಸು. ಇನ್ನು ಇಲ್ಲೇ ಶಾಲೆ, ಇಲ್ಲೇ ಊಟ, ಇಲ್ಲೇ ತಾಯಿ. "ಅಮ್ಮಾ, ನಮ್ಮನೇಲಿ ಕೂರೋ ಕೋಣೆ ಇದ್ಯಾ?" ಎಂದು ಫೋನಿನಲ್ಲಿ ಕೇಳಿತ್ತು. "ಇದೆ ಕಣವ್ವಾ, ನಿಂಗೊಂದು ಬೇರೆ ಪೀಠಾನೂ ಇದೆ," ಎಂದಿದ್ದಳು ನಮ್ಯಾಲೊ.

ಇದ್ದದ್ದು ಉದ್ದನೆಯ ಒಂದೇ ಕೋಣೆ. ನಡುವೆ ಪರದೆ. ಹಿಂದೆ ಮಂಚ, ಇದ್ದಿಲ ಒಲೆ. ಮುಂದೆ ಕೂರುವ ಜಾಗ, ಹತ್ತಡಿಗೆ ಒಂಬತ್ತು. ನೆಲಕ್ಕೆ ಹೂವಿನ ಪ್ಲಾಸ್ಟಿಕ್ ಹಾಸನ್ನು ಗೋಡೆಯಿಂದ ಗೋಡೆಗೆ, ಕೂದಲೆಳೆ ಸಂದಿಲ್ಲದಂತೆ ಕತ್ತರಿಸಿ ಹಾಸಿದ್ದಳು. ಇಬ್ಬರು ಕೂರುವ ಸೋಫಾ, ಅದರ ಬೆನ್ನಿಗೆ ಕೈಯಿಂದ ಹೆಣೆದ ಬಿಳಿ ಹೊದಿಕೆ. ಕಿಟಕಿಯ ಕೆಳಗೆ ಹೊಲಿಗೆಯಂತ್ರ. ಬಾಗಿಲಿಗೆ ಎದುರಾಗಿ ತೊಗಟೆಬಟ್ಟೆ.

ಬಟ್ಟೆ ಗೋಡೆಯ ಎತ್ತರಕ್ಕಿಂತ ಉದ್ದವಾಯಿತು. ಅವಳು ಕತ್ತರಿ ತೆಗೆದಳು. ದೊಡ್ಡ ತುಂಡು ಗೋಡೆಗೆ. ಸಣ್ಣ ತುಂಡು ಮಗಳ ಪೀಠದ ದಿಂಬಿಗೆ. ಮೂಲೆಯಲ್ಲಿ ಅಂಗೈಯಗಲದ ಚೂರು ಉಳಿಯಿತು. ಬಿಸಾಡಲು ಮನಸ್ಸು ಬರದೆ ಬಾಳೆನಾರಿನ ಗೊಂಬೆ ಕಟ್ಟಿ ಅದಕ್ಕೆ ಲಂಗ ಹೊಲಿದಳು. ಅಂದೇ ಸಂಜೆ ಹಳ್ಳಿಗೆ ಹೋಗುವ ವ್ಯಾನಿನವನ ಕೈಯಲ್ಲಿ ಗೊಂಬೆ ಕಳಿಸಿ, ಮರೆತಳು.

ಪಕ್ಕದ ಬಾಗಿಲಿನ ಮುಸಾನ ತಾಯಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೆಣದ ಬಟ್ಟೆ ಗೋಡೆಗೆ! ನೆಂಟರು ಬಂದ್ರೆ ಟೀ ಕುಡೀಬೇಕೋ, ಎದೆ ಬಡ್ಕೋಬೇಕೋ?"

"ಮೊದಲು ಟೀ ಕುಡೀಲಿ. ಆಮೇಲೆ ಅವರಿಷ್ಟ."

ಮಾರನೆಯ ಬೆಳಿಗ್ಗೆ ನೆಲದ ಹಾಸು ಗೋಡೆಯ ಅಂಚಿನಲ್ಲಿ ಉಬ್ಬಿತ್ತು. ಬಿಸಿಲಿಗೆ ಹಿಗ್ಗಿರಬೇಕೆಂದು ತುಳಿದು ಕೂರಿಸಿದಳು. ಮಧ್ಯಾಹ್ನಕ್ಕೆ ಮತ್ತೆ ಉಬ್ಬಿತು. ಸಂಜೆ ಬಾಗಿಲು ಸೋಫಾದ ಕೈಗೆ ತಗುಲಿ ನಿಂತಿತು. ಅವಳು ಅಳತೆ ಟೇಪು ಹಿಡಿದಳು.

ಒಂಬತ್ತೂವರೆ. ಎಂಟೂವರೆ.

"ಸೋಫಾ ದಪ್ಪಗಾಗಿದೆ, ನಿನ್ನ ಹಾಗೇ," ಎಂದು ಮುಸಾನ ತಾಯಿ ಹಲ್ಲು ಬಿಟ್ಟಳು. ನಮ್ಯಾಲೊ ನಗಲು ನೋಡಿದಳು. ಟೇಪನ್ನು ಮತ್ತೆ ಹಿಡಿದಳು.

ಮೂರನೆಯ ದಿನ ಸಣ್ಣ ಮೇಜನ್ನು ಹೊರಗಿಟ್ಟಳು. ಐದನೆಯ ದಿನ ಸೋಫಾವನ್ನು ಅಡ್ಡ ತಿರುಗಿಸಿದಳು. ಏನು ಎಲ್ಲಿಟ್ಟರೂ ಮರುದಿನಕ್ಕೆ ಮಂಡಿಗೆ ತಗಲುತ್ತಿತ್ತು. ಹೊರಗೆ ನಿಂತು ನೋಡಿದರೆ ಮನೆ ಇದ್ದ ಹಾಗೇ ಇತ್ತು. ಒಳಗೆ ಕಾಲಿಟ್ಟರೆ ಹಸಿಮಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಗೋಡೆಯೊಳಗೆ ಯಾರೋ ಕೊಡತಿ ಹಿಡಿದು ಕೂತಿದ್ದರು.

ತಟ್. ತಟ್. ತಟ್.

ಏಳನೆಯ ದಿನ ಆರಡಿಗೆ ಐದು. ಅವಳು ಬಟ್ಟೆ ಕಿತ್ತು, ಸುತ್ತಿ, ಲುತಾಯನ ಅಂಗಳಕ್ಕೆ ಓಡಿದಳು. ಮರದ ಬುಡದಲ್ಲಿ ಮಂಚವಿರಲಿಲ್ಲ. ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ನಡುಹಗಲಲ್ಲಿ ಮುದುಕ ಒಳಗೆ ಮಲಗಿದ್ದ.

"ಅಜ್ಜ! ತಗೊಳ್ಳಿ ನಿಮ್ಮ ಬಟ್ಟೆ!"

"ಬರಿದೇ ಬಂದ್ರೆ ತಗೊಳ್ಳೋ ಹಾಗಿಲ್ಲ ಮಗಳೇ," ಎಂದಿತು ಬಾಗಿಲಾಚೆಯ ಧ್ವನಿ. "ಎಷ್ಟು ವರ್ಷದ ಮೇಲೆ ಕಾಲು ಚಾಚಿ ಮಲಗಿದೀನಿ ಗೊತ್ತಾ?"

ಅವಳು ಬಾಗಿಲಿನ ಬುಡದಲ್ಲಿ ಎರಡೂ ಮಂಡಿ ಊರಿದಳು, ಪೂರ್ತಿಯಾಗಿ. "ನಾಡಿದ್ದು ನನ್ನ ಮಗಳು ಬರ್ತಾಳೆ ಅಜ್ಜ. ಅವಳು ಬರೋ ಮನೆ ಅದು."

ಬಾಗಿಲಾಚೆಯ ಧ್ವನಿ ತಗ್ಗಿತು. "ಎಷ್ಟು ತುಂಡು ಮಾಡಿದೆ?"

"ಎರಡು. ಗೋಡೆಗೊಂದು, ಅವಳ ದಿಂಬಿಗೊಂದು."

"ಹಂಗಾದ್ರೆ ತಿರುಗಿ ಕೂಡಿಸಿ ಹೊಲಿ. ಒಂದಾದ್ರೆ ಅದು ಒಬ್ಬರನ್ನೇ ಕೇಳೋದು."

"ಯಾರನ್ನ?"

ಒಳಗೆ ಮುದುಕ ಮಗ್ಗಲು ಬದಲಿಸಿದ ಸದ್ದಾಯಿತು.

ಬಟ್ಟೆಯ ಸುರುಳಿ ಹೊತ್ತು ಮರಳುವ ದಾರಿಯುದ್ದಕ್ಕೂ ನಮ್ಯಾಲೊ ಅಳಲಿಲ್ಲ. ಬಾಳೆತೋಟಗಳ ಮೇಲೆ ಮೋಡ ಕವಿಯುತ್ತಿತ್ತು, ಯಾರದೋ ಮನೆಯಲ್ಲಿ ಶೇಂಗಾ ಸಾರು ಕುದಿಯುತ್ತಿತ್ತು. ಅವಳ ಲೆಕ್ಕ ನೇರವಾಗಿತ್ತು. ಒಬ್ಬರು ಸಾಕು. ಆ ಒಬ್ಬರು ಯಾರೆಂದು ಬಟ್ಟೆಗಿಂತ ಮೊದಲು ತಾನೇ ಹೇಳಿಬಿಟ್ಟರಾಯಿತು. ಕೂಸು ಅಜ್ಜಿಯ ಹತ್ತಿರ ಬೆಳೆಯುತ್ತದೆ. ಇಷ್ಟು ದಿನ ಬೆಳೆದಿಲ್ಲವೇ?

ಮುಸಾನ ತಾಯಿ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. "ಏನೇ ನಸ್ಸಾಲಿ ಅಮ್ಮ, ಮುಖ ಯಾಕೆ ಬೂದಿಯಾಗಿದೆ?"

"ಶನಿವಾರ ಯಾರೂ ಬರೋದು ಬೇಡ ಅಂತ ನಮ್ಮಮ್ಮನಿಗೆ ಹೇಳಿಬಿಡು, ಅಕ್ಕಾ."

"ನೀನೇ ಹೇಳಬಾರದಾ? ಫೋನು ಕೈಯಲ್ಲೇ ಇದೆ!"

ನಮ್ಯಾಲೊ ಒಳಗೆ ಹೋಗಿ ಅಗುಳಿ ಹಾಕಿದಳು. ದಿಂಬಿನ ಹೊಲಿಗೆ ಬಿಚ್ಚಿದಳು. ಅಂಚಿಗೆ ಅಂಚು ಕೂಡಿಸಿದಳು. ಯಂತ್ರದ ಪೆಡಲು ತುಳಿದಳು.

ಟಕಟಕಟಕ ಎಂದಿತು ಯಂತ್ರ. ತಟ್ ಎಂದಿತು ಗೋಡೆ.

ಬೆನ್ನಿಗೆ ಸೋಫಾ ತಗುಲಿತು. ತುಳಿದಳು. ಕಿಟಕಿಯ ಬೆಳಕು ಸೊರಗಿತು. ತುಳಿದಳು. ನೆಲದ ಹಾಸು ಎದ್ದು ಮೊಣಕಾಲಿಗೆ ಮಡಚಿಕೊಂಡಿತು. ಬಾಯಿತುಂಬ ಕಾಫಿಬೀಜದ ಕಹಿ. ಭುಜಕ್ಕೆ ಗೋಡೆ. ಇನ್ನೊಂದು ಭುಜಕ್ಕೂ ಗೋಡೆ. ಸೂಜಿ ಮುರಿಯಿತು. ಬೇರೆ ಹಾಕಿದಳು. ತುಳಿದಳು.

ಕೊನೆಯ ಹೊಲಿಗೆ ಬಿತ್ತು. ಕೊಡತಿ ನಿಂತಿತು.

"ಆಯ್ತು," ಎಂದಳು ಅವಳು, ಬಟ್ಟೆಗೋ, ಕಾಣದ ಆ ತಾಯಿಗೋ. "ನಾನೇ ಬರ್ತೀನಿ. ನಾನೊಬ್ಬಳೇ."

ಬಟ್ಟೆಯನ್ನು ಮೈಮೇಲೆ ಹೊದ್ದು ಅಂಚು ತಡವಿದಳು. ತಲೆಯ ಕಡೆ ಸರಿಯಾಗಿತ್ತು. ಕಾಲಿನ ಕಡೆ ಸರಿಯಾಗಿತ್ತು. ಎಡಗಡೆಯ ಮೂಲೆಯಲ್ಲಿ ಬೆರಳು ಗಾಳಿಗೆ ಬಿತ್ತು.

ಅಂಗೈಯಗಲದ ಜಾಗ. ಬಟ್ಟೆಯಿಲ್ಲ.

ಫೋನು ಮೊಳಗಿತು. ತೋಳು ಮಡಚಲು ಎಡೆಯಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದಳು.

"ಅಮ್ಮಾ," ಎಂದಿತು ಮಗಳ ಧ್ವನಿ. "ಗೊಂಬೆ ತುಂಬಾ ಚೆನ್ನಾಗಿದೆ. ಎಲ್ಲೂ ಬಿಡಲ್ಲ. ನನ್ನ ಜೊತೆಗೇ ಮಲಗುತ್ತೆ."

"ನಸ್ಸಾಲಿ, ಬಿಸಾಕು! ಹೊರಗೆ ಓಡು! ಅಜ್ಜಿ ಎಲ್ಲಿ?"

"ಅಜ್ಜಿ ಹೊರಗಿದಾಳೆ, ಬಾಗಿಲು ಬಡೀತಿದಾಳೆ. ನಂಗೆ ತೆಗೆಯೋಕಾಗ್ತಿಲ್ಲ. ಮಂಚ ಅಡ್ಡ ಬಂದಿದೆ." ಕೂಸು ಉಸಿರೆಳೆಯಿತು. "ಅಮ್ಮಾ, ಅಜ್ಜಿ ಮನೆ ಯಾಕೆ ಸಣ್ಣದಾಗ್ತಿದೆ?"

ನಮ್ಯಾಲೊ ಕಿರುಚಿದಳು. ಕಿರುಚಿದ್ದು ಬಾಯಿಂದ ನಾಲ್ಕು ಬೆರಳು ದೂರವೂ ಹೋಗಲಿಲ್ಲ. ಅವಳ ಗೋಡೆಗಳು ಅಲುಗಲಿಲ್ಲ. ಅವು ತಮ್ಮ ಅಳತೆಗೆ ಬಂದು ಸುಮ್ಮನಾಗಿದ್ದವು. ಫೋನಿನ ಆಚೆಯಿಂದ, ಕೂಸಿನ ಬಿಕ್ಕಿನ ನಡುವೆ, ನಿಧಾನವಾಗಿ ಕೇಳುತ್ತಿತ್ತು.

ತಟ್.

ತಟ್.