ಮುಂದಿನ ವಾರದ ಕೇಬಲ್

ಶಾಲೆಯ ರಂಗಮಂದಿರದ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ನಾಟಕದ ಟೀಚರ್ ತಿರುಗಿ ಗೋಡೆಯ ಕ್ಯಾಲೆಂಡರ್ ನೋಡಿದಳು.

"ಮುಂದಿನ ವಾರ ಬರ್ತೀನಿ ಅಂದಿದ್ರಿ. ಆರು ವರ್ಷ ಆಯ್ತು."

ನಗುತ್ತಲೇ ಅಂದಳು. ಎಡಗೆನ್ನೆಯಲ್ಲಿ ಮಾತ್ರ ಬೀಳುವ ಆ ಗುಳಿ ಹಾಗೇ ಇತ್ತು. ನಾನು ಸ್ಟೇಜ್ ಲೈಟಿನ ಮೆಕ್ಯಾನಿಕ್. ಎಷ್ಟು ಎತ್ತರದ ಏಣಿಯನ್ನಾದರೂ ಹತ್ತುತ್ತೇನೆ, ಇವಳ ಎದುರು ಮಾತ್ರ ನೆಲದ ಮೇಲೆ ನಿಂತರೂ ಧೈರ್ಯ ಸಾಲದು.

ಬೆಳಗ್ಗೆ ಶಾಲೆಯ ಆಫೀಸಿನಿಂದ ಫೋನ್ ಬಂದಿತ್ತು. ನಾಳೆ ಮಕ್ಕಳ ನಾಟಕ, ಲೈಟುಗಳು ಹೇಳಿದ ಮಾತು ಕೇಳುತ್ತಿಲ್ಲ, ಲೈಟು ನಡೆಸುವ ಬೋರ್ಡಿನ ಮೇಲೆ ನಿಮ್ಮ ನಂಬರ್ ಇದೆ ಎಂದಿದ್ದರು. ಅವಳು ಬೋರ್ಡಿನ ಮುಂದೆ ಕೂತು ತೋರಿಸಿದಳು. ಮೊದಲ ನಾಲ್ಕು ಲೈಟು ಸರಿಯಾಗಿದ್ದವು. ಐದನೆಯದಕ್ಕೂ ಅದರಾಚೆಯ ಎಲ್ಲಕ್ಕೂ ದೆವ್ವ ಹಿಡಿದಿತ್ತು. ನೀಲಿ ಕೇಳಿದರೆ ಕೆಂಪು, ಕತ್ತಲೆ ಕೇಳಿದರೆ ಬೆಳಕು.

ಐದನೆಯ ಲೈಟನ್ನು ಬದಲಿಸಿ ನೋಡಿದೆ, ತಪ್ಪು ಅದರದ್ದಲ್ಲ. ನಾಲ್ಕಕ್ಕೂ ಐದಕ್ಕೂ ನಡುವೆ ಬೋರ್ಡಿನ ಮಾತು ಒಯ್ಯುವ ಕಂಟ್ರೋಲ್ ಕೇಬಲ್ಲೇ ಕಳ್ಳ. ಆ ಕಳ್ಳನನ್ನು ಅಲ್ಲಿಟ್ಟವನು ನಾನೇ.

ಆರು ವರ್ಷದ ಹಿಂದೆ ಇಲ್ಲಿ ಲೈಟು ಹಾಕಲು ಹದಿನೈದು ದಿನ ಬಂದಿದ್ದೆ. ಅವಳು ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಏಣಿ ಹಿಡಿದುಕೊಳ್ಳುವ ನೆಪದಲ್ಲಿ ದಿನಾ ಬರುತ್ತಿದ್ದಳು. ಬಿದ್ದರೆ ಹಿಡಿಯುತ್ತೀರಾ ಎಂದು ನಾನು ಕೇಳಿದರೆ, ಬಿದ್ದು ನೋಡಿ ಎನ್ನುತ್ತಿದ್ದಳು.

ಕೊನೆಯ ದಿನ ಕೇಬಲ್ ಸಾಲಲಿಲ್ಲ. ಮೈಕಿನ ವೈರನ್ನೇ ಎಳೆದು ಜೋಡಿಸಿಬಿಟ್ಟೆ. ಎರಡರ ಪಿನ್ನೂ ಒಂದೇ, ನೋಡಲೂ ಒಂದೇ. ಆದರೆ ಮೈಕಿನ ವೈರು ಇಷ್ಟೊಂದು ಲೈಟುಗಳನ್ನು ನಂಬಿಕೆಯಿಂದ ನಡೆಸಲಾರದು. ಸದ್ಯಕ್ಕಿರಲಿ, ಮುಂದಿನ ವಾರ ಬಂದು ಸರಿಯಾದದ್ದು ಹಾಕುತ್ತೇನೆ ಎಂದೆ.

"ಆಗ ನಾನೂ ಒಂದು ಮಾತು ಹೇಳೋದಿದೆ," ಎಂದಳು. ಹೇಳುವಾಗ ನನ್ನನ್ನು ನೋಡದೆ ಏಣಿಯ ಮೆಟ್ಟಿಲು ನೋಡುತ್ತಿದ್ದಳು.

ಮುಂದಿನ ವಾರ ಬೇರೆ ಊರಿನ ಕೆಲಸ ಬಂತು. ಅದರ ಮುಂದಿನ ವಾರ ಧೈರ್ಯ ಬರಲಿಲ್ಲ. ಅಷ್ಟು ಓದಿದವಳಿಗೂ ಏಣಿ ಹತ್ತುವವನಿಗೂ ಎಲ್ಲಿಯ ಜೋಡಿ ಎಂದುಕೊಂಡೆ. ತಿಂಗಳು ಕಳೆದ ಮೇಲೆ ತಡವಾಯಿತಲ್ಲ ಎಂಬ ನಾಚಿಕೆ. ಆ ನಾಚಿಕೆಯಿಂದ ಇನ್ನಷ್ಟು ತಡ. ನಾಳೆ ಎಂದವನ ಮನೆ ಹಾಳು ಎಂದು ಅಮ್ಮ ನನ್ನನ್ನು ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಮತ್ತೆ ಏಣಿ ಹತ್ತಿದೆ. ಹಳೆಯ ರೂಢಿಯಂತೆ ಅವಳು ಕೆಳಗೆ ಹಿಡಿದುಕೊಂಡಳು. ಮೇಲೆ, ಜೋಡಣೆಯ ಪಕ್ಕದಲ್ಲಿ, ಟೇಪು ಹಾಕಿ ಒಂದು ಚೀಟಿ ಅಂಟಿಸಿತ್ತು. 'ತೆಗೆಯಬೇಡಿ. ಹಾಕಿದವರೇ ಬಂದು ಬದಲಾಯಿಸುತ್ತಾರೆ.' ಅವಳದೇ ದುಂಡು ಅಕ್ಷರ, ಕೆಳಗೆ ಇಸವಿ. ಅದರಡಿ ಹಿಂದಿನ ವರ್ಷದ ಚೀಟಿ, ಅದರಡಿ ಇನ್ನೊಂದು. ಒಟ್ಟು ನಾಲ್ಕು ವರ್ಷದವು. ಆಮೇಲಿನ ಎರಡು ವರ್ಷದ್ದು ಇರಲಿಲ್ಲ.

"ಇದನ್ನ ಅಂಟಿಸುವಾಗ ಏಣಿ ಯಾರು ಹಿಡ್ಕೊಂಡಿದ್ರು?" ಮೇಲಿಂದಲೇ ಕೇಳಿದೆ.

"ಯಾರೂ ಇಲ್ಲ."

ನಂಬರ್ ಇತ್ತಲ್ಲ, ಒಂದು ಫೋನ್ ಮಾಡಬಹುದಿತ್ತು ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಕರೆದ ಮೇಲೆ ಬಂದ್ರೆ ಅದು ರಿಪೇರಿ. ನೀವಾಗೇ ಬರ್ಲಿ ಅಂತ ಕಾದೆ. ಆಮೇಲೆ ಅಪ್ಪ ತಂದ ಸಂಬಂಧಕ್ಕೆ ಹೂಂ ಅಂದೆ. ಅವರು ಒಳ್ಳೆಯವರು," ಎಂದಳು.

ಮೈಕಿನ ವೈರು ಬಿಚ್ಚಿದೆ, ಚೀಟಿಗಳನ್ನು ಜೇಬಿಗೆ ಹಾಕಿಕೊಂಡೆ, ಹೊಸ ಕೇಬಲ್ ಎಳೆದು ಬಿಗಿಯಾಗಿ ಕಟ್ಟಿದೆ. ಆರು ವರ್ಷ ಮುಂದೂಡಿದ ಕೆಲಸಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು. ಲೈಟುಗಳೆಲ್ಲ ಮಿಣುಕದೆ ನೀಲಿಯಾಗಿ ನಿಂತವು.

ಅವಳು ಬಾಗಿಲ ತನಕ ಬಂದಳು.

"ಅವತ್ತು ನಾನು ಏನು ಹೇಳೋದಿತ್ತು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಕೆನ್ನೆಯ ಗುಳಿ ಮಾಯವಾಯಿತು. "ಗೊತ್ತಿರ್ಲಿಲ್ಲ ಅಂತ ಒಂದು ಸುಳ್ಳಾದ್ರೂ ಹೇಳ್ಬಾರ್ದಿತ್ತಾ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ನಾನು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ನಿಂತೇ ಇದ್ದೆ. ಮಕ್ಕಳ ರಿಹರ್ಸಲ್ ಶುರುವಾಯಿತು. ಅವಳು ಕತ್ತಲೆ ಕೇಳಿದಳು. ಈ ಸಲ ಕತ್ತಲೆಯೇ ಬಂತು.